2,14,74,83,647: ಒಂದು ದೊಡ್ಡ ಅವಿಭಾಜ್ಯ ಸಂಖ್ಯೆಯ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ದಾವಣಗೆರೆಯಲ್ಲಿ ಪದವಿಪೂರ್ವ ವಿದ್ಯಾರ್ಥಿಗಳ ಜೊತೆ ಸಂಜೆ ಹೊತ್ತು ಗಣಿತದ ಬಗ್ಗೆ ಮಾತನಾಡುವಾಗ, 2ರ 31ನೇ ಘಾತದಿಂದ ಒಂದನ್ನು ಕಳೆದರೆ ಸಿಗುವ ಸಂಖ್ಯೆ ಮತ್ತೆ ಮತ್ತೆ ಚರ್ಚೆಗೆ ಬರುತ್ತದೆ. ಹರಿಹರ, ಜಗಳೂರು, ಚನ್ನಗಿರಿಗಳಿಂದ ಬರುವ ಮಕ್ಕಳೂ ಚಿತ್ರದುರ್ಗ ಜಿಲ್ಲೆಯ ಹಿರಿಯೂರು, ಚಳ್ಳಕೆರೆಗಳ ಶಿಕ್ಷಕ ಮಿತ್ರರೂ ಅದರ ಬಗ್ಗೆ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಿ ಉತ್ತರಿಸಿದ್ದೇನೆ. ಹತ್ತನೆಯ ತರಗತಿಯವರೆಗಿನ ಗಣಿತ, ಅಂದರೆ ಶೇಷ, ಅಪವರ್ತನ, ಘಾತಾಂಕದ ನಿಯಮಗಳು ಗೊತ್ತಿದ್ದರೆ ಬಹುಪಾಲು ಉತ್ತರಗಳನ್ನು ಕಾಗದದ ಮೇಲೆ ಲೆಕ್ಕ ಹಾಕಿ ನೀವೇ ಸರಿನೋಡಬಹುದು. ಹಾಗೆ ಸರಿನೋಡದೆ ಯಾವ ಉತ್ತರವನ್ನೂ ಒಪ್ಪಿಕೊಳ್ಳಬೇಡಿ ಎಂಬುದು ನನ್ನ ಕೋರಿಕೆ.

ಈ ಸಂಖ್ಯೆಯನ್ನು ಓದುವುದು ಹೇಗೆ?

ಇನ್ನೂರ ಹದಿನಾಲ್ಕು ಕೋಟಿ ಎಪ್ಪತ್ತನಾಲ್ಕು ಲಕ್ಷ ಎಂಬತ್ತಮೂರು ಸಾವಿರದ ಆರುನೂರ ನಲವತ್ತೇಳು. ಬರೆಯುವಾಗ 2147483647, ಒಟ್ಟು ಹತ್ತು ಅಂಕಿಗಳು. 0 ಮತ್ತು 1 ಮಾತ್ರ ಬಳಸುವ ದ್ವಿಮಾನ ಪದ್ಧತಿಯಲ್ಲಿ ಬರೆದರೆ ಮೂವತ್ತೊಂದು ಒಂದುಗಳು ಸಾಲಾಗಿ ನಿಲ್ಲುತ್ತವೆ, ನಡುವೆ ಒಂದೂ ಸೊನ್ನೆ ಇರುವುದಿಲ್ಲ. ಮುಂದಿನ ಉತ್ತರಗಳಲ್ಲಿ ಈ ಸಂಖ್ಯೆಯನ್ನು ‘ಪ’ ಎಂದು ಕರೆಯುತ್ತೇನೆ. ಆದ್ದರಿಂದ ಪ = 2³¹ − 1.

ಇದಕ್ಕಿಂತ ಬಹಳ ದೊಡ್ಡ ಅವಿಭಾಜ್ಯ ಸಂಖ್ಯೆಗಳು ಗೊತ್ತಿರುವಾಗ ಇದನ್ನೇ ಏಕೆ ಆರಿಸಿಕೊಂಡಿರಿ?

ಗೊತ್ತಿರುವುದು ನಿಜ. 2024ರ ಅಕ್ಟೋಬರ್‌ನಲ್ಲಿ ಪ್ರಕಟವಾದ 2¹³⁶²⁷⁹⁸⁴¹ − 1 ಎಂಬ ಅವಿಭಾಜ್ಯ ಸಂಖ್ಯೆಯಲ್ಲಿ 4,10,24,320 ಅಂಕಿಗಳಿವೆ. ಅದನ್ನು ಕಂಡುಹಿಡಿದವರು ಲ್ಯೂಕ್ ಡ್ಯುರಾಂಟ್. ಜಾರ್ಜ್ ವೋಲ್ಟ್‌ಮನ್ 1996ರಲ್ಲಿ ಆರಂಭಿಸಿದ, ಸಾವಿರಾರು ಸ್ವಯಂಸೇವಕರ ಕಂಪ್ಯೂಟರುಗಳನ್ನು ಒಟ್ಟಿಗೆ ದುಡಿಸುವ ಜಾಲದ ಮೂಲಕ ಆ ಶೋಧ ನಡೆಯಿತು. ಆದರೆ ಅಷ್ಟು ದೊಡ್ಡ ಸಂಖ್ಯೆಯ ಬಗ್ಗೆ ನಾವು ಕೈಯಿಂದ ಮಾಡಬಹುದಾದ ಕೆಲಸ ಏನೂ ಉಳಿಯುವುದಿಲ್ಲ. ಯಂತ್ರ ಹೇಳಿದ್ದನ್ನು ನಂಬಬೇಕಾಗುತ್ತದೆ. ನಮ್ಮ ಪ ಹಾಗಲ್ಲ. ಅದು ಕಣ್ಣಂದಾಜಿಗೆ ನಿಲುಕದಷ್ಟು ದೊಡ್ಡದು, ಆದರೂ ಅದು ಅವಿಭಾಜ್ಯ ಎಂಬುದನ್ನು ಪಿಯುಸಿ ಓದುವ ವಿದ್ಯಾರ್ಥಿ ಒಂದು ನೋಟ್‌ಬುಕ್ಕಿನೊಳಗೆ ಸಾಧಿಸಬಹುದು. ಸಂಖ್ಯೆಯ ರಚನೆಯನ್ನು ಅರಿತರೆ ದುಡಿಮೆ ಎಷ್ಟು ಕಡಿಮೆಯಾಗುತ್ತದೆ ಎಂಬುದನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಇನ್ನೊಂದು ಉದಾಹರಣೆ ನನಗೆ ಸಿಕ್ಕಿಲ್ಲ.

ಘಾತಸೂಚಿ ಅವಿಭಾಜ್ಯವಾಗಿದ್ದರೆ ಸಾಕೇ?

ಸಾಲದು. 2ರ ಘಾತದಿಂದ ಒಂದನ್ನು ಕಳೆದಾಗ ಅವಿಭಾಜ್ಯ ಸಂಖ್ಯೆ ಬರಬೇಕಾದರೆ ಘಾತಸೂಚಿ ಅವಿಭಾಜ್ಯವಾಗಿರಲೇಬೇಕು. ಘಾತಸೂಚಿ 15 ಎಂದಿಟ್ಟುಕೊಳ್ಳಿ: 15ಕ್ಕೆ 3 ಮತ್ತು 5 ಅಪವರ್ತನಗಳಾಗಿರುವುದರಿಂದ 2¹⁵ − 1 ಎಂಬುದು 2³ − 1 ಆದ 7ರಿಂದಲೂ 2⁵ − 1 ಆದ 31ರಿಂದಲೂ ನಿಶ್ಶೇಷವಾಗಿ ಭಾಗವಾಗುತ್ತದೆ. ಆದರೆ ಇದರ ವಿಲೋಮ ನಿಜವಲ್ಲ. 11 ಅವಿಭಾಜ್ಯ; ಆದರೂ 2¹¹ − 1 = 2047 = 23 × 89. ಹಾಗೆಯೇ 2²³ − 1 ಎಂಬುದು 47ರಿಂದ, 2²⁹ − 1 ಎಂಬುದು 233ರಿಂದ, 2³⁷ − 1 ಎಂಬುದು 223ರಿಂದ ಭಾಗವಾಗುತ್ತವೆ. ಈ ಮೂರು ಭಾಜಕಗಳನ್ನು ನೆನಪಿನಲ್ಲಿಟ್ಟುಕೊಳ್ಳಿ, ಸ್ವಲ್ಪ ಮುಂದೆ ಬೇಕಾಗುತ್ತವೆ.

ಈ ಬಗೆಯ ಅವಿಭಾಜ್ಯ ಸಂಖ್ಯೆಗಳಿಗೆ ಮರ್ಸೆನ್ ಅವಿಭಾಜ್ಯಗಳು ಎಂದು ಹೆಸರು. ಘಾತಸೂಚಿ 2, 3, 5, 7, 13, 17, 19, 31 ಆದಾಗ ಮೊದಲ ಎಂಟು ಸಿಗುತ್ತವೆ. ಅಂದರೆ ಪ ಎಂಟನೆಯದು. ಒಂಬತ್ತನೆಯದರ ಘಾತಸೂಚಿ 61. ಇಂತಹ ಸಂಖ್ಯೆಗಳು ಅನಂತವಾಗಿವೆಯೇ ಎಂಬ ಪ್ರಶ್ನೆಗೆ ಇಂದಿಗೂ ಸಾಧನೆ ಸಿಕ್ಕಿಲ್ಲ.

ಇದು ಅವಿಭಾಜ್ಯ ಎಂದು ಮೊದಲು ತೋರಿಸಿದವರು ಯಾರು?

ಲಿಯೋನ್‌ಹಾರ್ಡ್ ಆಯ್ಲರ್. ಬರ್ನೌಲಿ ಮನೆತನದ ಗಣಿತಜ್ಞರೊಬ್ಬರಿಗೆ ಬರೆದ, 1772ರಲ್ಲಿ ಬೆಳಕು ಕಂಡ ಪತ್ರದಲ್ಲಿ ಅವರು ಇದನ್ನು ತಿಳಿಸಿದರು. ಆಗ ಅವರು ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿದ್ದರು, ಎರಡೂ ಕಣ್ಣುಗಳ ದೃಷ್ಟಿ ಬಹುಮಟ್ಟಿಗೆ ಹೋಗಿತ್ತು.

ಅದಕ್ಕೂ ಮೊದಲು ಊಹೆಗಳು ಇರಲಿಲ್ಲವೆಂದಲ್ಲ. 1588ರ ಹೊತ್ತಿಗೆ 2¹⁷ − 1 ಮತ್ತು 2¹⁹ − 1 ಅವಿಭಾಜ್ಯಗಳೆಂದು ಸರಿಯಾಗಿ ತೋರಿಸಿದ್ದ ಇಟಲಿಯ ಪಿಯೆತ್ರೊ ಕಟಾಲ್ಡಿ, 23, 29, 31, 37 ಎಂಬ ಘಾತಸೂಚಿಗಳಿಗೂ ಅದೇ ಮಾತನ್ನು ಹೇಳಿದ್ದರು. ಅವುಗಳಲ್ಲಿ 23 ಮತ್ತು 37ರ ತಪ್ಪನ್ನು 1640ರಲ್ಲಿ ಫ್ರಾನ್ಸಿನ ಗಣಿತಜ್ಞ ಫರ್ಮಾ ತೋರಿಸಿದರು, 29ರ ತಪ್ಪನ್ನು ಆಯ್ಲರ್ ತೋರಿಸಿದರು, ಕೊನೆಗೆ 31 ಮಾತ್ರ ನಿಂತಿತು. ಫ್ರಾನ್ಸಿನ ಪಾದ್ರಿ ಮರೆನ್ ಮರ್ಸೆನ್ 1644ರಲ್ಲಿ ಕೊಟ್ಟ ಪಟ್ಟಿಯಲ್ಲೂ 31 ಇತ್ತು. ಆದರೆ ಆ ಪಟ್ಟಿಯಲ್ಲಿ 67 ಮತ್ತು 257 ತಪ್ಪಾಗಿ ಸೇರಿದ್ದವು, 61, 89, 107 ಬಿಟ್ಟುಹೋಗಿದ್ದವು. ಮರ್ಸೆನ್ ಅವರ ಹೆಸರು ಈ ಸಂಖ್ಯೆಗಳಿಗೆ ಉಳಿದಿದ್ದರೂ 31ರ ವಿಷಯದಲ್ಲಿ ನಮಗೆ ಸಾಧನೆ ಕೊಟ್ಟವರು ಆಯ್ಲರ್ ಎಂಬುದನ್ನು ಮರೆಯಬಾರದು. ಅವರ ನಂತರ ಎಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ಇದಕ್ಕಿಂತ ದೊಡ್ಡ ಅವಿಭಾಜ್ಯ ಸಂಖ್ಯೆಯನ್ನು ಯಾರೂ ಖಚಿತವಾಗಿ ತೋರಿಸಲಿಲ್ಲ.

ಕೈಯಿಂದ ಸಾಧಿಸುವುದು ಹೇಗೆ? ಅಷ್ಟೊಂದು ಭಾಗಾಕಾರ ಮಾಡಲು ಸಾಧ್ಯವೇ?

ಎಲ್ಲರೂ ಹೆಚ್ಚಾಗಿ ಕೇಳುವುದು ಇದನ್ನೇ, ಆದ್ದರಿಂದ ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ.

ಯಾವುದೇ ಸಂಯುಕ್ತ ಸಂಖ್ಯೆಗೆ ತನ್ನ ವರ್ಗಮೂಲವನ್ನು ಮೀರದ ಒಂದು ಅವಿಭಾಜ್ಯ ಭಾಜಕ ಇರಲೇಬೇಕು. ‘ಪ’ದ ವರ್ಗಮೂಲ 46340ಕ್ಕೂ 46341ಕ್ಕೂ ನಡುವೆ ಇದೆ. 46340ರೊಳಗಿನ ಅವಿಭಾಜ್ಯ ಸಂಖ್ಯೆಗಳು 4792. ಏನೂ ಯೋಚಿಸದೆ ಹೊರಟರೆ 4792 ಭಾಗಾಕಾರಗಳು ಬೇಕು, ಜೊತೆಗೆ ಅಷ್ಟೂ ಅವಿಭಾಜ್ಯಗಳ ಪಟ್ಟಿಯೂ ಬೇಕು. ಆಯ್ಲರ್ ಹಾಗೆ ಹೊರಡಲಿಲ್ಲ. ‘ಪ’ಕ್ಕೆ ಒಂದು ಭಾಜಕ ಇದ್ದರೆ ಅದು ಹೇಗಿರಬೇಕು ಎಂದು ಅವರು ಮೊದಲು ಕೇಳಿದರು.

‘ಕ’ ಎಂಬ ಅವಿಭಾಜ್ಯ ಸಂಖ್ಯೆ ಪವನ್ನು ನಿಶ್ಶೇಷವಾಗಿ ಭಾಗಿಸುತ್ತದೆ ಎಂದುಕೊಳ್ಳೋಣ. ಆಗ 2³¹ ಅನ್ನು ಕದಿಂದ ಭಾಗಿಸಿದರೆ ಶೇಷ 1. ಈಗ 1, 2, 4, 8, 16 ಹೀಗೆ ದ್ವಿಗುಣಗೊಳಿಸುತ್ತಾ ಹೋಗಿ, ಪ್ರತಿ ಸಲವೂ ಕದಿಂದ ಭಾಗಿಸಿ ಶೇಷವನ್ನು ಮಾತ್ರ ಬರೆದುಕೊಳ್ಳಿ. ಮೂವತ್ತೊಂದು ಹೆಜ್ಜೆಗಳಿಗೆ ಶೇಷ ಮತ್ತೆ 1ಕ್ಕೆ ಬರುತ್ತದೆ. ಶೇಷಗಳು ಮೊದಲ ಸಲ 1ಕ್ಕೆ ಮರಳಲು ಬೇಕಾದ ಹೆಜ್ಜೆಗಳ ಸಂಖ್ಯೆ 31ನ್ನು ಭಾಗಿಸಬೇಕು. 31 ಅವಿಭಾಜ್ಯವಾದ್ದರಿಂದ ಅದು 1 ಅಥವಾ 31 ಆಗಿರಬೇಕು. ಒಂದೇ ಹೆಜ್ಜೆಗೆ ಮರಳಲು ಸಾಧ್ಯವಿಲ್ಲ, ಏಕೆಂದರೆ 2ಕ್ಕೂ 1ಕ್ಕೂ ಇರುವ ವ್ಯತ್ಯಾಸವಾದ 1ನ್ನು ಯಾವ ಅವಿಭಾಜ್ಯವೂ ಭಾಗಿಸುವುದಿಲ್ಲ. ಆದ್ದರಿಂದ ಆವರ್ತ ನಿಖರವಾಗಿ 31. ಇನ್ನೊಂದು ಕಡೆ, ಫರ್ಮಾ ಅವರ ಕಿರು ಪ್ರಮೇಯದ ಪ್ರಕಾರ ಕ − 1 ಹೆಜ್ಜೆಗಳಾದಾಗಲೂ ಶೇಷ 1ಕ್ಕೆ ಬರಲೇಬೇಕು. ಹಾಗಾದರೆ ಕ − 1 ಎಂಬುದು 31ರ ಗುಣಕ. ಕ ಬೆಸ ಸಂಖ್ಯೆಯಾದ್ದರಿಂದ ಕ − 1 ಸಮ ಸಂಖ್ಯೆ. ಅಂದರೆ ಅದು 62ರ ಗುಣಕ.

ಹಿಂದೆ ನೆನಪಿಡಲು ಹೇಳಿದ ಮೂರು ಭಾಜಕಗಳನ್ನು ಈಗ ನೋಡಿ. 47 ಎಂಬುದು 46 + 1, 46 ಎಂಬುದು 23ರ ಎರಡರಷ್ಟು. 233 ಎಂಬುದು 4 × 58 + 1, 58 ಎಂಬುದು 29ರ ಎರಡರಷ್ಟು. 223 ಎಂಬುದು 3 × 74 + 1, 74 ಎಂಬುದು 37ರ ಎರಡರಷ್ಟು. ಮೂರೂ ಇದೇ ನಿಯಮಕ್ಕೆ ಬದ್ಧವಾಗಿವೆ.

ಇಲ್ಲಿಗೆ ನಿಲ್ಲಬೇಕಿಲ್ಲ. 2³¹ನ್ನು ಕದಿಂದ ಭಾಗಿಸಿದಾಗ ಶೇಷ 1 ಬರುವುದಾದರೆ 2³²ರ ಶೇಷ 2. ಆದರೆ 2³² ಎಂಬುದು 2¹⁶ರ ವರ್ಗ. ಅಂದರೆ ಒಂದು ಪೂರ್ಣ ವರ್ಗವನ್ನು ಕದಿಂದ ಭಾಗಿಸಿದಾಗ 2 ಶೇಷವಾಗಿ ಬರುತ್ತಿದೆ. ಬೆಸ ಅವಿಭಾಜ್ಯವೊಂದಕ್ಕೆ ಹೀಗಾಗಬೇಕಾದರೆ ಅದನ್ನು 8ರಿಂದ ಭಾಗಿಸಿದಾಗ ಶೇಷ 1 ಅಥವಾ 7 ಆಗಿರಬೇಕು ಎಂಬುದು ಸಂಖ್ಯಾ ಸಿದ್ಧಾಂತದ ಪ್ರಸಿದ್ಧ ಫಲಿತಾಂಶ. ಎರಡು ನಿಬಂಧನೆಗಳನ್ನೂ ಜೋಡಿಸಿದರೆ ಕವನ್ನು 248ರಿಂದ ಭಾಗಿಸಿದಾಗ ಶೇಷ 1 ಅಥವಾ 63 ಬರಬೇಕು. ಬೇರೆ ಯಾವುದೂ ಸಲ್ಲದು.

46340ರೊಳಗೆ ಇಂತಹ ಸಂಖ್ಯೆಗಳೆಷ್ಟು? 1ನ್ನು ಬಿಟ್ಟರೆ ಶೇಷ 1 ಬರುವವು 186, ಶೇಷ 63 ಬರುವವು 187, ಒಟ್ಟು 373. ಅವುಗಳಲ್ಲಿ ಮೊದಲನೆಯದಾದ 63 ಅವಿಭಾಜ್ಯವಲ್ಲ ಎಂಬುದು ಮಗ್ಗಿ ಬಲ್ಲವರಿಗೆಲ್ಲ ಗೊತ್ತು. ಉಳಿದದ್ದು 372. ನಾಲ್ಕು ಸಾವಿರದ ಏಳುನೂರಕ್ಕೂ ಹೆಚ್ಚು ಇದ್ದ ಕೆಲಸ ಮುನ್ನೂರ ಎಪ್ಪತ್ತೆರಡಕ್ಕೆ ಇಳಿಯಿತು. ಇವುಗಳಲ್ಲೂ ಹೆಚ್ಚಿನವು ಸಂಯುಕ್ತ ಸಂಖ್ಯೆಗಳೇ: 249ಕ್ಕೆ 3, 497ಕ್ಕೆ 7, 559ಕ್ಕೆ 13, 745ಕ್ಕೆ 5, 1241ಕ್ಕೆ 17 ಭಾಜಕಗಳಾಗಿವೆ. 1500ರೊಳಗೆ ನಿಜವಾಗಿ ಪರೀಕ್ಷಿಸಬೇಕಾದ ಅವಿಭಾಜ್ಯಗಳು 311, 1303, 1489 ಎಂಬ ಮೂರೇ ಮೂರು.

ಹತ್ತು ಅಂಕಿಗಳ ಸಂಖ್ಯೆಯನ್ನು ಪ್ರತಿ ಸಲವೂ ಉದ್ದಕ್ಕೆ ಭಾಗಿಸಬೇಕೇ?

ಬೇಡ. ಶೇಷಗಳನ್ನು ಗುಣಿಸುತ್ತಾ ಹೋದರೆ ಸಾಕು. 311ರ ಉದಾಹರಣೆ ನೋಡಿ. 2⁸ = 256. ಅದರ ವರ್ಗ 65536. 311ರಿಂದ ಭಾಗಿಸಿದರೆ ಶೇಷ 226, ಇದು 2¹⁶ರ ಶೇಷ. 256 ಮತ್ತು 226ರ ಗುಣಲಬ್ಧ 57856. ಅದರ ಶೇಷ 10, ಇದು 2²⁴ರ ಶೇಷ. ಇನ್ನು ಬೇಕಾದದ್ದು 2⁷ = 128. 10 × 128 = 1280; ಶೇಷ 36. ಅಂದರೆ 2³¹ರ ಶೇಷ 36, ಪದ ಶೇಷ 35. ಸೊನ್ನೆ ಬರಲಿಲ್ಲ, ಆದ್ದರಿಂದ 311 ಭಾಜಕವಲ್ಲ. ಇದೇ ರೀತಿ ಮಾಡಿದರೆ 1303ಕ್ಕೆ 226, 1489ಕ್ಕೆ 199 ಶೇಷಗಳು ಬರುತ್ತವೆ. ಒಂದೊಂದು ಪರೀಕ್ಷೆಗೆ ಐದಾರು ಸಾಲುಗಳು ಸಾಕು. ನಾಲ್ಕೈದು ವಿದ್ಯಾರ್ಥಿಗಳು ಪಟ್ಟಿಯನ್ನು ಹಂಚಿಕೊಂಡರೆ ಬೇಸಿಗೆ ರಜೆಯಲ್ಲಿ ಆರಾಮವಾಗಿ ಮುಗಿಯುವ ಕೆಲಸ. ಮಾಡಿ ನೋಡಿ ಎಂದು ಎಲ್ಲರಿಗೂ ಹೇಳುತ್ತೇನೆ, ಏಕೆಂದರೆ ಪಟ್ಟಿಯ ಕೊನೆಯ ಸಂಖ್ಯೆಯೂ ಭಾಗಿಸದೆ ಹೋದಾಗ ಆಗುವ ಖಾತರಿಯೇ ಬೇರೆ.

2ನ್ನು ಇಟ್ಟುಕೊಂಡು ಫರ್ಮಾ ಪರೀಕ್ಷೆ ಮಾಡಿದರೆ ಸಾಲದೇ?

ಸಾಲದು. ಇದು ಸುಲಭವಾಗಿ ಮೋಸ ಹೋಗಬಹುದಾದ ಜಾಗ. ಫರ್ಮಾ ಪರೀಕ್ಷೆಯಲ್ಲಿ 2ರ (ಪ − 1)ನೇ ಘಾತವನ್ನು ಪದಿಂದ ಭಾಗಿಸಿ ಶೇಷ 1 ಬರುವುದೇ ಎಂದು ನೋಡುತ್ತೇವೆ. ಆದರೆ ಘಾತಸೂಚಿ ಅವಿಭಾಜ್ಯವಾಗಿರುವ ಮರ್ಸೆನ್ ರೂಪದ ಎಲ್ಲ ಸಂಖ್ಯೆಗಳೂ ಈ ಪರೀಕ್ಷೆಯಲ್ಲಿ ತಾವಾಗಿಯೇ ತೇರ್ಗಡೆಯಾಗುತ್ತವೆ. 2047ನ್ನು ತೆಗೆದುಕೊಳ್ಳಿ: 2¹¹ನ್ನು 2047ರಿಂದ ಭಾಗಿಸಿದರೆ ಶೇಷ 1, 2046 ಎಂಬುದು 11ರ 186 ಪಟ್ಟು, ಹಾಗಾಗಿ 2²⁰⁴⁶ರ ಶೇಷವೂ 1. ಆದರೆ 2047 ಅವಿಭಾಜ್ಯವಲ್ಲ. ಈ ಸಂಖ್ಯೆಗಳಿಗೆ 2 ಸಾಕ್ಷಿಯಾಗಲಾರದು.

ಹಾಗಾದರೆ ಚಿಕ್ಕ ಮತ್ತು ಖಚಿತವಾದ ಪರೀಕ್ಷೆ ಯಾವುದು?

ಫ್ರಾನ್ಸಿನ ಎಡ್ವಾರ್ಡ್ ಲ್ಯೂಕಾ 1870ರ ದಶಕದಲ್ಲಿ ಕಂಡುಕೊಂಡ, ಅಮೆರಿಕದ ಡಿ. ಎಚ್. ಲೆಹ್ಮರ್ 1930ರಲ್ಲಿ ಸರಳಗೊಳಿಸಿದ ಪರೀಕ್ಷೆ. 4ರಿಂದ ಆರಂಭಿಸಿ. ಪ್ರತಿ ಹೆಜ್ಜೆಯಲ್ಲೂ ಕೈಯಲ್ಲಿರುವ ಸಂಖ್ಯೆಯ ವರ್ಗ ಮಾಡಿ, 2ನ್ನು ಕಳೆದು, ಪರೀಕ್ಷಿಸುತ್ತಿರುವ ಸಂಖ್ಯೆಯಿಂದ ಭಾಗಿಸಿ ಶೇಷವನ್ನು ಇಟ್ಟುಕೊಳ್ಳಿ. ಘಾತಸೂಚಿಗಿಂತ ಎರಡು ಕಡಿಮೆ ಹೆಜ್ಜೆಗಳಾದಾಗ ಸೊನ್ನೆ ಬಂದರೆ ಸಂಖ್ಯೆ ಅವಿಭಾಜ್ಯ, ಬಾರದಿದ್ದರೆ ಅಲ್ಲ. ಘಾತಸೂಚಿ ಬೆಸ ಅವಿಭಾಜ್ಯವಾಗಿದ್ದರೆ ಎರಡೂ ದಿಕ್ಕಿನಲ್ಲಿ ತೀರ್ಪು ಖಚಿತ.

ಚಳ್ಳಕೆರೆ ಬಳಿಯ ಕುದಾಪುರದಲ್ಲಿರುವ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಶಿಕ್ಷಕರ ತರಬೇತಿ ನಡೆಯುತ್ತದೆ. ಅಲ್ಲಿಗೆ ಹೋಗಿಬರುವ ಶಿಕ್ಷಕ ಮಿತ್ರರು ತರಗತಿಯ ಕಪ್ಪುಹಲಗೆಯ ಮೇಲೆ ತೋರಿಸಬಹುದಾದ ಉದಾಹರಣೆ ಬೇಕೆಂದು ಕೇಳುತ್ತಾರೆ. ಅವರಿಗೆ ನಾನು ಹೇಳುವುದು 127. ಘಾತಸೂಚಿ 7, ಹೆಜ್ಜೆಗಳು ಐದು. 4ರಿಂದ 14. 14ರಿಂದ 194, ಅದರ ಶೇಷ 67. 67ರಿಂದ 4487, ಶೇಷ 42. 42ರಿಂದ 1762, ಶೇಷ 111. 111ರಿಂದ 12319, ಅದು 127ರ 97 ಪಟ್ಟು, ಶೇಷ ಸೊನ್ನೆ. ಇದರ ಪಕ್ಕದಲ್ಲೇ 2047ನ್ನು ಒಂಬತ್ತು ಹೆಜ್ಜೆ ನಡೆಸಿದರೆ ಕೊನೆಗೆ 1736 ಉಳಿಯುತ್ತದೆ, ಸೊನ್ನೆ ಬರುವುದಿಲ್ಲ. ಎರಡನ್ನೂ ಒಂದೇ ಅವಧಿಯಲ್ಲಿ ತೋರಿಸಬಹುದು.

ನಮ್ಮ ಪಕ್ಕೆ 29 ಹೆಜ್ಜೆಗಳು. 4, 14, 194, 37634, 1416317954 ಎಂಬ ಮೊದಲ ಐದು ಬೆಲೆಗಳು ಪಕ್ಕಿಂತ ಚಿಕ್ಕವಾದ್ದರಿಂದ ಅಲ್ಲಿಯವರೆಗೆ ಭಾಗಾಕಾರವೇ ಬೇಕಿಲ್ಲ. 372 ಭಾಗಾಕಾರಗಳ ಜಾಗದಲ್ಲಿ 29 ವರ್ಗಗಳು.

ಭಾರತದ ಗಣಿತಜ್ಞರು ಕೊಟ್ಟ ಪರೀಕ್ಷೆಯೊಂದಿದೆ ಎಂದು ಕೇಳಿದ್ದೇವೆ, ಅದು ಇದಕ್ಕೆ ಅನ್ವಯಿಸುವುದೇ?

ಅನ್ವಯಿಸುತ್ತದೆ. 2002ರಲ್ಲಿ ಕಾನ್ಪುರದ ಐಐಟಿಯ ಮಣೀಂದ್ರ ಅಗ್ರವಾಲ್, ನೀರಜ್ ಕಯಾಲ್, ನಿತಿನ್ ಸಕ್ಸೇನಾ ಕೊಟ್ಟ ಪರೀಕ್ಷೆ ಯಾವುದೇ ರೂಪದ ಸಂಖ್ಯೆಗೂ ಸಲ್ಲುತ್ತದೆ, ಊಹೆಗಳನ್ನು ಅವಲಂಬಿಸುವುದಿಲ್ಲ, ಅಂಕಿಗಳು ಹೆಚ್ಚಿದಂತೆ ಬೇಕಾಗುವ ಸಮಯ ಕೈಮೀರಿ ಬೆಳೆಯುವುದಿಲ್ಲ ಎಂಬುದನ್ನೂ ಸಾಧಿಸಿದೆ. ಸಿದ್ಧಾಂತದ ದೃಷ್ಟಿಯಿಂದ ಅದು ಬಹು ದೊಡ್ಡ ಸಾಧನೆ. ಆದರೆ ಮರ್ಸೆನ್ ರೂಪದ ಸಂಖ್ಯೆಗಳ ಮಟ್ಟಿಗೆ ಲ್ಯೂಕಾ–ಲೆಹ್ಮರ್ ಪರೀಕ್ಷೆಯೇ ವೇಗವಾದದ್ದು.

ಈ ಸಂಖ್ಯೆಯ ಹಿಂದಿನ ಮತ್ತು ಮುಂದಿನ ಸಂಖ್ಯೆಗಳ ವಿಶೇಷವೇನು?

ಪ + 1 ಎಂಬುದು 2³¹. ಅದಕ್ಕೆ 2ರ ಹೊರತು ಬೇರೆ ಅವಿಭಾಜ್ಯ ಭಾಜಕವಿಲ್ಲ. ಪ − 1ರ ಅಪವರ್ತನ 2 × 3² × 7 × 11 × 31 × 151 × 331. ಎರಡೂ ಬದಿಗಳು ಹೀಗೆ ಚಿಕ್ಕ ಚಿಕ್ಕ ಅವಿಭಾಜ್ಯಗಳಾಗಿ ಒಡೆಯುವುದು ಅಪರೂಪದ ಅನುಕೂಲ. ಪ + 2 ಎಂಬುದು 3ರಿಂದ ಭಾಗವಾಗುತ್ತದೆ, ಭಾಗಲಬ್ಧವಾದ 71,58,27,883 ಕೂಡ ಅವಿಭಾಜ್ಯ. ಪ − 2 ಎಂಬುದು 5ರಲ್ಲಿ ಕೊನೆಗೊಳ್ಳುತ್ತದೆ. ಹಾಗಾಗಿ ಎರಡರ ಅಂತರದಲ್ಲಿ ಇದಕ್ಕೆ ಜೊತೆಗಾರ ಅವಿಭಾಜ್ಯ ಯಾವುದೂ ಇಲ್ಲ. ಇದರ ಹಿಂದಿನ ಅವಿಭಾಜ್ಯ 2147483629, ಮುಂದಿನದು 2147483659.

ಅವಿಭಾಜ್ಯಗಳ ಸಾಲಿನಲ್ಲಿ ಇದು ಎಷ್ಟನೆಯದು?

10,50,97,565ನೆಯದು. ಪವನ್ನು ಅದರ ಸ್ವಾಭಾವಿಕ ಲಾಗರಿದಮ್‌ನಿಂದ (ಸುಮಾರು 21.49) ಭಾಗಿಸಿದರೆ 9 ಕೋಟಿ 99 ಲಕ್ಷದಷ್ಟು ಬರುತ್ತದೆ. ನಿಜವಾದ ಎಣಿಕೆ ಅದಕ್ಕಿಂತ ಶೇಕಡಾ ಐದರಷ್ಟು ಹೆಚ್ಚು. ಅವಿಭಾಜ್ಯ ಸಂಖ್ಯಾ ಪ್ರಮೇಯ ಕೊಡುವ ಅಂದಾಜು ಈ ಎತ್ತರದಲ್ಲಿ ಇಷ್ಟು ಹತ್ತಿರ ಬರುತ್ತದೆ.

ಪದಿಂದ ಭಾಗಿಸಿ ಶೇಷ ಪಡೆಯುವುದು ಸುಲಭ ಎನ್ನುತ್ತಾರೆ, ಏಕೆ?

9ರಿಂದ ಭಾಗಿಸಿದ ಶೇಷ ತಿಳಿಯಲು ಅಂಕಿಗಳನ್ನು ಕೂಡುತ್ತೇವೆ, ಏಕೆಂದರೆ 10ನ್ನು 9ರಿಂದ ಭಾಗಿಸಿದರೆ ಶೇಷ 1. ಇಲ್ಲಿಯೂ ಅದೇ ಕಾರಣ: 2³¹ನ್ನು ಪದಿಂದ ಭಾಗಿಸಿದರೆ ಶೇಷ 1. ಆದ್ದರಿಂದ ದೊಡ್ಡ ಸಂಖ್ಯೆಯನ್ನು ದ್ವಿಮಾನದಲ್ಲಿ ಬರೆದು, ಬಲದಿಂದ ಮೂವತ್ತೊಂದು ಮೂವತ್ತೊಂದು ದ್ವಿಮಾನ ಅಂಕಿಗಳ, ಅಂದರೆ ಬಿಟ್‌ಗಳ ತುಂಡುಗಳನ್ನಾಗಿ ಮಾಡಿ, ಆ ತುಂಡುಗಳನ್ನು ಕೂಡಿದರೆ ಸಾಕು. ಭಾಗಾಕಾರದ ಅಗತ್ಯವೇ ಇಲ್ಲ. 2ರಿಂದ ಗುಣಿಸುವುದೆಂದರೆ ಮೂವತ್ತೊಂದು ಬಿಟ್‌ಗಳನ್ನು ಒಂದು ಸ್ಥಾನ ಎಡಕ್ಕೆ ಸರಿಸಿ, ಹೊರಬಿದ್ದ ಬಿಟ್ಟನ್ನು ಬಲ ತುದಿಗೆ ತಂದು ಕೂರಿಸುವುದು. ಮೂವತ್ತೊಂದು ಸಲ ಹೀಗೆ ಮಾಡಿದರೆ ಮೊದಲಿದ್ದ ಸಂಖ್ಯೆಯೇ ಮತ್ತೆ ಬರುತ್ತದೆ.

ಯಾದೃಚ್ಛಿಕ (ಕ್ರಮವಿಲ್ಲದಂತೆ ಕಾಣುವ) ಸಂಖ್ಯೆಗಳ ತಯಾರಿಕೆಯಲ್ಲಿ ಇದರ ಪಾತ್ರವೇನು?

2ರ ಘಾತಗಳು ಕೇವಲ 31 ಶೇಷಗಳಲ್ಲಿ ಸುತ್ತುತ್ತವೆ. ಆದರೆ 7ರ ಘಾತಗಳನ್ನು ತೆಗೆದುಕೊಂಡರೆ 1ರಿಂದ ಪ − 1ರವರೆಗಿನ ಎಲ್ಲ ಶೇಷಗಳೂ ಒಂದೊಂದು ಸಲ ಬಂದ ಮೇಲೆಯೇ ಸುತ್ತು ಮುಗಿಯುತ್ತದೆ. 5 ಎಂಬುದು ಪ − 1ರ ಅಪವರ್ತನಗಳಲ್ಲಿ ಇಲ್ಲದ ಕಾರಣ 7⁵ = 16807ಕ್ಕೂ ಇದೇ ಗುಣವಿದೆ. ಕೈಯಲ್ಲಿರುವ ಸಂಖ್ಯೆಯನ್ನು 16807ರಿಂದ ಗುಣಿಸಿ ಪದಿಂದ ಭಾಗಿಸಿದ ಶೇಷವನ್ನು ಮುಂದಿನ ಸಂಖ್ಯೆ ಎನ್ನುವ ವಿಧಾನವನ್ನು 1988ರಲ್ಲಿ ಪಾರ್ಕ್ ಮತ್ತು ಮಿಲ್ಲರ್ ಕನಿಷ್ಠ ಮಾನದಂಡವಾಗಿ ಸೂಚಿಸಿದರು. 1ರಿಂದ ಆರಂಭಿಸಿದರೆ 16807, 282475249, 1622650073, 984943658 ಹೀಗೆ ಬರುತ್ತದೆ; ಹತ್ತು ಸಾವಿರ ಹೆಜ್ಜೆಗಳ ನಂತರ 1043618065 ಬರಬೇಕು. ನೀವು ಬರೆದ ಪ್ರೋಗ್ರಾಂ ಸರಿಯಾಗಿದೆಯೇ ಎಂದು ನೋಡಲು ಈ ಬೆಲೆ ಉಪಯುಕ್ತ. ಗೋಪ್ಯತೆ ಬೇಕಾದ ಕಡೆ ಮಾತ್ರ ಈ ವಿಧಾನವನ್ನು ಬಳಸಬಾರದು, ಏಕೆಂದರೆ ಒಂದು ಬೆಲೆ ಗೊತ್ತಾದರೆ ಮುಂದಿನವೆಲ್ಲ ಗೊತ್ತಾಗುತ್ತವೆ.

ಇದನ್ನು ಎರಡು ವರ್ಗಗಳ ಮೊತ್ತವಾಗಿ ಬರೆಯಬಹುದೇ?

ಬರೆಯಲಾಗದು. 4ರಿಂದ ಭಾಗಿಸಿದಾಗ ಇದರ ಶೇಷ 3. ಎರಡು ವರ್ಗಗಳ ಮೊತ್ತಕ್ಕೆ ಆ ಶೇಷ ಬರುವುದಿಲ್ಲ.

ಇದೇ ಕಾರಣದಿಂದ ಇನ್ನೊಂದು ಸುಂದರ ಫಲಿತಾಂಶ ಸಿಗುತ್ತದೆ. ‘ಪ’ದಿಂದ ಭಾಗಿಸಿದಾಗ ಬರುವ ಶೇಷಗಳ ಜಗತ್ತಿನಲ್ಲಿ ಒಂದು ವೃತ್ತವನ್ನು ಊಹಿಸಿ: ಎರಡು ಶೇಷಗಳ ವರ್ಗಗಳ ಮೊತ್ತ 1 ಶೇಷ ಕೊಡುವ ಎಲ್ಲ ಜೋಡಿಗಳೂ ಅದರ ಬಿಂದುಗಳು. 4ರಿಂದ ಭಾಗಿಸಿದಾಗ 3 ಶೇಷ ಕೊಡುವ ಅವಿಭಾಜ್ಯಕ್ಕೆ ಆ ವೃತ್ತದ ಬಿಂದುಗಳು ಅವಿಭಾಜ್ಯಕ್ಕಿಂತ ಒಂದು ಹೆಚ್ಚು. ಅವಿಭಾಜ್ಯ 7 ಆದಾಗ ಎಣಿಸಿ ನೋಡಬಹುದು: (1, 0), (6, 0), (0, 1), (0, 6), (2, 2), (2, 5), (5, 2), (5, 5), ಒಟ್ಟು ಎಂಟು. ಪಕ್ಕೆ ಈ ಎಣಿಕೆ 2³¹. ಅದನ್ನು ಅರ್ಧ, ಅದರ ಅರ್ಧ ಎಂದು ಕೊನೆಯವರೆಗೂ ಶೇಷವಿಲ್ಲದೆ ಇಳಿಸಬಹುದಾದ್ದರಿಂದ, ಲೆಕ್ಕವೊಂದು ಸರಿಯಾಗಿ ನಡೆದಿದೆ ಎಂದು ಚಿಕ್ಕ ಪುರಾವೆಯಿಂದ ತೋರಿಸುವ ಹೊಸ ವಿಧಾನಗಳಲ್ಲಿ, ವಿಶೇಷವಾಗಿ 2024ರಲ್ಲಿ ಪ್ರಕಟವಾದ ಸರ್ಕಲ್ ಸ್ಟಾರ್ಕ್ ಎಂಬ ವಿಧಾನದಲ್ಲಿ, ಪ ಮುಖ್ಯ ಸ್ಥಾನ ಪಡೆದಿದೆ. ಎರಡೂವರೆ ಶತಮಾನಗಳ ಹಿಂದೆ ಕೈಯಿಂದ ಪರೀಕ್ಷೆಗೊಳಗಾದ ಸಂಖ್ಯೆಗೆ ಇಂದು ಇಂತಹ ಕೆಲಸ ಸಿಕ್ಕಿರುವುದು ನನಗೆ ತುಂಬ ಸಂತೋಷ ಕೊಡುವ ವಿಷಯ.

ಪರಿಪೂರ್ಣ ಸಂಖ್ಯೆಗೂ ಇದಕ್ಕೂ ಏನು ಸಂಬಂಧ?

ತನ್ನನ್ನು ಬಿಟ್ಟು ಉಳಿದ ಭಾಜಕಗಳ ಮೊತ್ತ ತಾನೇ ಆಗಿರುವ ಸಂಖ್ಯೆ ಪರಿಪೂರ್ಣ ಸಂಖ್ಯೆ. 6 ಮತ್ತು 28 ಪರಿಚಿತ ಉದಾಹರಣೆಗಳು. ಪವನ್ನು 2³⁰ರಿಂದ ಗುಣಿಸಿದರೆ 2305843008139952128 ಎಂಬ ಹತ್ತೊಂಬತ್ತು ಅಂಕಿಗಳ ಪರಿಪೂರ್ಣ ಸಂಖ್ಯೆ, ಸಾಲಿನಲ್ಲಿ ಎಂಟನೆಯದು, ಸಿಗುತ್ತದೆ. 1811ರಲ್ಲಿ ಇಂಗ್ಲೆಂಡಿನ ಪೀಟರ್ ಬಾರ್ಲೊ, ಇಂತಹ ಸಂಖ್ಯೆಗಳಿಂದ ಪ್ರಯೋಜನವಿಲ್ಲದ ಕಾರಣ ಇದಕ್ಕಿಂತ ದೊಡ್ಡದನ್ನು ಹುಡುಕಲು ಯಾರೂ ಹೋಗಲಾರರು ಎಂಬರ್ಥದ ಮಾತು ಬರೆದಿದ್ದರು. 1876ರಲ್ಲಿ ಲ್ಯೂಕಾ 2¹²⁷ − 1, 1883ರಲ್ಲಿ ರಷ್ಯಾದ ಪೆರ್ವೂಶಿನ್ 2⁶¹ − 1 ಅವಿಭಾಜ್ಯಗಳೆಂದು ತೋರಿಸಿದರು. ಅವೆರಡೂ ಹೊಸ ಪರಿಪೂರ್ಣ ಸಂಖ್ಯೆಗಳನ್ನು ಕೊಟ್ಟವು.

ಪವನ್ನೇ ಘಾತಸೂಚಿಯಾಗಿ ಇಟ್ಟರೆ ಅವಿಭಾಜ್ಯ ಬರುವುದೇ?

ಕೇಳಬೇಕಾದ ಪ್ರಶ್ನೆಯೇ, ಏಕೆಂದರೆ 31 ಸ್ವತಃ 2⁵ − 1. ಅಂದರೆ ಪ ಹುಟ್ಟಿದ್ದೇ ಒಂದು ಮರ್ಸೆನ್ ಅವಿಭಾಜ್ಯವನ್ನು ಘಾತಸೂಚಿಯಾಗಿ ಇಟ್ಟಾಗ. ಆದರೆ ಮುಂದಿನ ಮೆಟ್ಟಿಲು ಕುಸಿಯುತ್ತದೆ. 2ರ ಪ-ನೇ ಘಾತದಿಂದ ಒಂದನ್ನು ಕಳೆದರೆ ಬರುವ ಸಂಖ್ಯೆಯಲ್ಲಿ 64 ಕೋಟಿಗೂ ಹೆಚ್ಚು ಅಂಕಿಗಳಿದ್ದು, ಅದನ್ನು 295257526626031 ಭಾಗಿಸುತ್ತದೆ. ಈ ಭಾಜಕದಿಂದ ಒಂದನ್ನು ಕಳೆದು ಪದಿಂದ ಭಾಗಿಸಿ: ಭಾಗಲಬ್ಧ 137490, ಶೇಷ ಸೊನ್ನೆ. ಮೇಲೆ 62ರ ಬಗ್ಗೆ ಸಾಧಿಸಿದ ನಿಯಮ ಇಲ್ಲಿಯೂ ಹಾಗೆಯೇ ನಿಂತಿದೆ.

ದಲ್ಲಾಳಿ ಅಂಗಡಿಯ ಲೆಕ್ಕದ ತಂತ್ರಾಂಶದಲ್ಲಿ ಮೊತ್ತ ಇದ್ದಕ್ಕಿದ್ದಂತೆ ಋಣವಾಯಿತು. ಇದಕ್ಕೆ ಈ ಸಂಖ್ಯೆ ಕಾರಣವೇ?

ದಾವಣಗೆರೆಯ ಎಪಿಎಂಸಿಯಲ್ಲಿ ಮೆಕ್ಕೆಜೋಳದ ವಹಿವಾಟಿನ ಲೆಕ್ಕ ಬರೆಯುವವರ ಮಕ್ಕಳು ಕೇಳುವ ಪ್ರಶ್ನೆ ಇದು. ಕಾರಣ ಆಗಿರಬಹುದು. 32 ಬಿಟ್‌ಗಳಲ್ಲಿ ಒಂದನ್ನು ಧನ–ಋಣ ಚಿಹ್ನೆಗೆ ಮೀಸಲಿಟ್ಟರೆ ಸಂಖ್ಯೆಗೆ ಉಳಿಯುವುದು 31, ಅವುಗಳಲ್ಲಿ ಹಿಡಿಸುವ ಅತಿ ದೊಡ್ಡ ಸಂಖ್ಯೆ ಪ. ಹಳೆಯ ತಂತ್ರಾಂಶವೊಂದು ಹಣವನ್ನು ಪೈಸೆಗಳಲ್ಲಿ ಇಡುತ್ತಿದ್ದರೆ ಅದರ ಮಿತಿ 2,14,74,836 ರೂಪಾಯಿ 47 ಪೈಸೆ. ಇನ್ನೊಂದು ಪೈಸೆ ಸೇರಿದರೆ ಮೊತ್ತ ಋಣ 2,14,74,836 ರೂಪಾಯಿ 48 ಪೈಸೆಗೆ ಹಾರುತ್ತದೆ. 1970ರ ಆರಂಭದಿಂದ ಸೆಕೆಂಡುಗಳನ್ನು ಎಣಿಸುವ ಹಳೆಯ ಗಣಕ ವ್ಯವಸ್ಥೆಗಳಲ್ಲಿ ಇದೇ ಮಿತಿ 2038ರ ಜನವರಿ 19ರಂದು, ನಮ್ಮ ಗಡಿಯಾರದಲ್ಲಿ ಬೆಳಿಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಿಗೆ ಬರುತ್ತದೆ.

ಆದರೆ ಒಂದು ಮಾತನ್ನು ಬಿಡಿಸಿ ಹೇಳಬೇಕು. ಈ ಮಿತಿ ಅವಿಭಾಜ್ಯವಾಗಿರುವುದು ಕೇವಲ ಕಾಕತಾಳೀಯ. 16 ಬಿಟ್‌ಗಳ ಮಿತಿಯಾದ 32767 = 7 × 31 × 151. 64 ಬಿಟ್‌ಗಳ ಮಿತಿಯಾದ 2⁶³ − 1 ಕೂಡ 7ರಿಂದ ಭಾಗವಾಗುತ್ತದೆ.

ಬ್ಯಾಂಕಿನ ಗೂಢಲಿಪಿಯಲ್ಲಿ ಈ ಸಂಖ್ಯೆಯನ್ನು ಬಳಸುತ್ತಾರೆಯೇ?

ರಹಸ್ಯದ ಕೀಲಿಯಾಗಿ ಬಳಸಲು ಇದು ತೀರಾ ಚಿಕ್ಕದು. ಇದೇ ರೂಪದ 2⁵²¹ − 1 ಎಂಬ ಅವಿಭಾಜ್ಯ ಮಾತ್ರ ದೀರ್ಘವೃತ್ತೀಯ ವಕ್ರರೇಖೆಗಳ ಗೂಢಲಿಪಿಯ ಮಾನದಂಡವೊಂದರಲ್ಲಿ ಸೇರಿದೆ.

29 ಹೆಜ್ಜೆಗಳ ಪರೀಕ್ಷೆಗೆ ಪ್ರೋಗ್ರಾಂ ಬರೆಯುವಾಗ ಏನು ಗಮನಿಸಬೇಕು?

ಎರಡು ವಿಷಯ. ಮೊದಲನೆಯದು, ಪಕ್ಕಿಂತ ಚಿಕ್ಕ ಸಂಖ್ಯೆಯ ವರ್ಗ 2⁶²ನ್ನು ಮೀರುವುದಿಲ್ಲ, ಆದ್ದರಿಂದ 64 ಬಿಟ್‌ಗಳ ಪೂರ್ಣಾಂಕ ಸಾಕು. 32 ಬಿಟ್‌ಗಳದ್ದನ್ನು ಬಳಸಿದರೆ ಐದನೆಯ ಹೆಜ್ಜೆಯೊಳಗೇ ಉತ್ತರ ಕೆಡುತ್ತದೆ. ಎರಡನೆಯದು, ವರ್ಗದ ಶೇಷ ತೆಗೆದ ಮೇಲೆ 2ನ್ನು ಕಳೆಯುವುದಾದರೆ, ಶೇಷ 0 ಅಥವಾ 1 ಆಗಿದ್ದಾಗ ಉತ್ತರ ಋಣವಾಗುತ್ತದೆ; ಆಗ ಪವನ್ನು ಒಮ್ಮೆ ಕೂಡಿಕೊಳ್ಳಬೇಕು. ಮೊದಲು ಘಾತಸೂಚಿ 7 ಕೊಟ್ಟು ಮೇಲಿನ 4, 14, 67, 42, 111, 0 ಎಂಬ ಸಾಲು ಬರುವುದೇ ನೋಡಿ. ನಂತರ 31 ಕೊಟ್ಟು 29 ಹೆಜ್ಜೆ ಓಡಿಸಿದರೆ ಸೊನ್ನೆ ಬರಬೇಕು. 29 ಕೊಟ್ಟು 27 ಹೆಜ್ಜೆ ಓಡಿಸಿದರೆ ಸೊನ್ನೆ ಬರಬಾರದು.